ಫ್ಲ್ಯಾಕ್‌ಗೂ ಎಂಪಿ3ಗೂ ವ್ಯತ್ಯಾಸ ನಿಜವಾಗಲೂ ಕೇಳಿಸುತ್ತಾ? ನನಗೆ 16ಕ್ಕೆ 8 ಬಂತು

ಒಂಟಿಕಿವಿ

ಮೂರು ವರ್ಷದಿಂದ ನನ್ನ ಹಾಡುಗಳನ್ನೆಲ್ಲ ಫ್ಲ್ಯಾಕ್‌ನಲ್ಲೇ, ಅಂದರೆ ಏನನ್ನೂ ಎಸೆಯದೆ ಕುಗ್ಗಿಸಿದ ಫೈಲಿನಲ್ಲೇ, ಇಟ್ಟುಕೊಂಡಿದ್ದೇನೆ. ಯಾರಾದರೂ ಎಂಪಿ3 ಕಳಿಸಿದರೆ ಮೂಗು ಮುರಿಯುತ್ತಿದ್ದೆ. "ಅದರಲ್ಲಿ ಜೀವ ಇಲ್ಲ ಕಣೋ" ಅಂತ ತಮ್ಮನಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಿನ್ನೆ ಅವನು ತಿರುಗಿಬಿದ್ದ. "ಹೆಸರು ನೋಡದೆ ಹೇಳು ನೋಡೋಣ" ಅಂದ.

ಸರಿ, ಫೂಬಾರ್2000 ಅನ್ನುವ ಪ್ಲೇಯರಿಗೆ ಎಬಿಎಕ್ಸ್ ಪ್ಲಗಿನ್ ಹಾಕಿಕೊಂಡೆ. ಗೊತ್ತಿಲ್ಲದವರಿಗೆ ಒಂದು ಮಾತು: 'ಎ' ಒಂದು ಫೈಲು, 'ಬಿ' ಇನ್ನೊಂದು. 'ಎಕ್ಸ್' ಇವೆರಡರಲ್ಲೇ ಯಾವುದೋ ಒಂದು. ಯಾವುದು ಅಂತ ಪ್ರೋಗ್ರಾಮಿಗೆ ಮಾತ್ರ ಗೊತ್ತು. ಎಷ್ಟು ಸಲ ಬೇಕಾದರೂ ಕೇಳಿ, ಎಕ್ಸ್ ಅನ್ನುವುದು ಎ-ನೋ ಬಿ-ನೋ ಹೇಳಬೇಕು. ಹೀಗೆ 16 ಸುತ್ತು.

ನನಗೆ ಸರಿ ಬಂದದ್ದು 8. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ತಮ್ಮ ಇನ್ನೂ ನಗುತ್ತಿದ್ದಾನೆ.

ಒಂದು ಕಡೆ ಫ್ಲ್ಯಾಕ್, ಇನ್ನೊಂದು ಕಡೆ ಅದರಿಂದಲೇ ಮಾಡಿದ 320 ಕೆಬಿಪಿಎಸ್ (ಸೆಕೆಂಡಿಗೆ 320 ಸಾವಿರ ಬಿಟ್) ಎಂಪಿ3. ಹಾಡು ನನಗೆ ಬಾಯಿಪಾಠ. ತಮಾಷೆ ಏನು ಗೊತ್ತಾ? ಪರೀಕ್ಷೆ ಮುಗಿದ ಮೇಲೆ ಹೆಸರು ನೋಡಿಕೊಂಡು ಕೇಳಿದರೆ ಈಗಲೂ ಫ್ಲ್ಯಾಕೇ ಚೆನ್ನಾಗಿ ಕೇಳಿಸುತ್ತದೆ! ನನ್ನ ಕಿವಿ ಸರಿಯಿಲ್ಲವೋ, ಹೆಡ್‌ಫೋನ್ ಸರಿಯಿಲ್ಲವೋ, ಇಲ್ಲ ವ್ಯತ್ಯಾಸವೇ ಇಲ್ಲವೋ?

ಅಳತೆಗೋಲು

ಕಿವಿಗೇನೂ ಆಗಿಲ್ಲ ಗುರು. 320ರಲ್ಲಿ ಒಳ್ಳೆ ಎನ್‌ಕೋಡರ್ (ಎಂಪಿ3 ಮಾಡುವ ಪ್ರೋಗ್ರಾಮ್) ಬಳಸಿದ್ದರೆ ಮಾಮೂಲಿ ಹಾಡಿನಲ್ಲಿ ಬಹುಪಾಲು ಜನಕ್ಕೆ ಬರುವುದು ಇದೇ ಅಂಕ. ನೀವು ಅದನ್ನು ಬಚ್ಚಿಡದೆ ಹಾಕಿದಿರಿ, ಅದೇ ದೊಡ್ಡದು.

ಎಂಪಿ3 ಏನು ಮಾಡುತ್ತದೆ ಅಂತ ಸ್ವಲ್ಪ ನೋಡೋಣ. ಸಿಡಿಯ ಸದ್ದು ಸೆಕೆಂಡಿಗೆ 44,100 ಮಾದರಿ (ಸ್ಯಾಂಪಲ್), ಒಂದೊಂದಕ್ಕೆ 16 ಬಿಟ್, ಎರಡು ಚಾನೆಲ್. ಗುಣಿಸಿದರೆ 1,411 ಕೆಬಿಪಿಎಸ್. ನಾಲ್ಕು ನಿಮಿಷದ ಹಾಡಿಗೆ ಸುಮಾರು 42 ಎಂಬಿ. ಅದೇ ಹಾಡು 320ರಲ್ಲಿ 9.6 ಎಂಬಿ, 128ರಲ್ಲಿ 3.8 ಎಂಬಿ. ಅಂದರೆ 128ರಲ್ಲಿ ಹನ್ನೊಂದು ಪಾಲಿನಲ್ಲಿ ಹತ್ತು ಪಾಲು ಹೋಯಿತು. ಆದರೂ ಹಾಡು ಹಾಡಾಗಿಯೇ ಉಳಿದಿದೆ. ಹೇಗೆ? ಎಸೆದದ್ದರಲ್ಲಿ ಜಾಸ್ತಿ ಭಾಗ ನಿಮ್ಮ ಕಿವಿಗೆ ಮೊದಲೂ ಬೀಳುತ್ತಿರಲಿಲ್ಲ.

ಜೋರು ಮಳೆ ಹೊಯ್ಯುವಾಗ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಾ? ಗಡಿಯಾರ ನಿಂತಿಲ್ಲ, ಮಳೆ ಅದನ್ನು ಮುಚ್ಚಿಹಾಕಿದೆ. ಇದಕ್ಕೆ ಮಾಸ್ಕಿಂಗ್ ಅನ್ನುತ್ತಾರೆ. ಜೋರಾದ ಸ್ವರವೊಂದು ತನ್ನ ಅಕ್ಕಪಕ್ಕದ ಸಣ್ಣ ಸ್ವರಗಳನ್ನು ಮುಚ್ಚುತ್ತದೆ. ಎನ್‌ಕೋಡರ್ ಪ್ರತಿ ಕ್ಷಣವೂ ಈ ಲೆಕ್ಕ ಹಾಕಿ, ಮುಚ್ಚಿಹೋಗುವ ಕಡೆ ಬಿಟ್ ಉಳಿಸುತ್ತದೆ. ಅಲ್ಲಿ ಗದ್ದಲ ಹೆಚ್ಚುತ್ತದೆ, ಆದರೆ ಗದ್ದಲವೂ ಮುಚ್ಚಿಹೋಗಿರುತ್ತದೆ. ಬಿಟ್ ಸಾಲದೇ ಹೋದಾಗ ಮಾತ್ರ ಗದ್ದಲ ಮುಸುಕಿನಿಂದ ಹೊರಗೆ ಇಣುಕುತ್ತದೆ. 320ರಲ್ಲಿ ಅದು ಅಪರೂಪ.

ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತು ಜೊತೆಯವರು ವರ್ಷಗಟ್ಟಲೆ ಕೂತು ತಿದ್ದಿದ್ದು ಇದನ್ನೇ. ವಾದ್ಯವೇ ಇಲ್ಲದ ಒಂದು ಹೆಂಗಸಿನ ದನಿಯ ಹಾಡು ಅವರನ್ನು ತುಂಬ ಕಾಡಿತಂತೆ. ಮುಚ್ಚಲು ಬೇರೆ ಸದ್ದೇ ಇಲ್ಲದಿದ್ದರೆ ಎಡವಿದ್ದೆಲ್ಲ ಬಯಲಾಗುತ್ತದೆ, ಅಲ್ವಾ?

ತಂತಿಪ್ರೇಮಿ

ಅಳತೆಗೋಲು ಅವರೇ, ಕ್ಷಮಿಸಿ, ಇದೆಲ್ಲ ಪುಸ್ತಕದ ಮಾತಾಯಿತು. ನನಗೆ 320ಕ್ಕೂ ಫ್ಲ್ಯಾಕ್‌ಗೂ ವ್ಯತ್ಯಾಸ ಕೋಣೆಯ ಆಚೆಯಿಂದಲೇ ಗೊತ್ತಾಗುತ್ತದೆ. ಅಷ್ಟೇ ಏಕೆ, ಫ್ಲ್ಯಾಕ್‌ಗಿಂತ ಕುಗ್ಗಿಸದ ವೇವ್ ಫೈಲು ಇನ್ನೂ ಬಿಡಿಸಿದ ಹಾಗೆ ಇರುತ್ತದೆ. ಪರೀಕ್ಷೆಯ ಗಡಿಬಿಡಿಯಲ್ಲಿ ಹತ್ತು ಸೆಕೆಂಡಿನ ತುಣುಕು ಕೇಳಿ ಸಂಗೀತ ಅಳೆಯುವುದಾ? ವಾರಗಟ್ಟಲೆ ಜೊತೆಗಿದ್ದರೆ ಮಾತ್ರ ಕೆಲವು ವಿಷಯ ಗೊತ್ತಾಗುತ್ತದೆ.

ಅಳತೆಗೋಲು

ವೇವ್ ವಿಷಯಕ್ಕೆ ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ: ಇಲ್ಲ. ಫ್ಲ್ಯಾಕ್ ಕೂಡ ಕುಗ್ಗಿಸಿದ ಫೈಲೇ, ಆದರೆ ಏನನ್ನೂ ಎಸೆದಿರುವುದಿಲ್ಲ. ಬಟ್ಟೆ ಮಡಚಿ ಪೆಟ್ಟಿಗೆಗೆ ಹಾಕಿದ ಹಾಗೆ. ಬಿಚ್ಚಿದರೆ ಅದೇ ಬಟ್ಟೆ. ಮೂಲ ಸದ್ದಿನ ಎಂಡಿ5 ಮೊತ್ತವನ್ನು (ಬೆರಳಚ್ಚಿನಂಥ ಒಂದು ಸಂಖ್ಯೆ) ಫ್ಲ್ಯಾಕ್ ಫೈಲು ತನ್ನ ತಲೆಭಾಗದಲ್ಲೇ ಇಟ್ಟುಕೊಂಡಿರುತ್ತದೆ. ಬಿಚ್ಚಿ ಲೆಕ್ಕ ತಾಳೆ ನೋಡಿ. ಒಂದು ಬಿಟ್ ಆಚೀಚೆ ಆಗಿರುವುದಿಲ್ಲ.

ಹತ್ತು ಸೆಕೆಂಡಿನ ತುಣುಕೇ ಕೇಳಬೇಕು ಅಂತ ಯಾರೂ ಹೇಳಿಲ್ಲ. ಎಬಿಎಕ್ಸ್‌ನಲ್ಲಿ ಒಂದೊಂದು ಸುತ್ತಿಗೂ ಒಂದೊಂದು ವಾರ ತೆಗೆದುಕೊಳ್ಳಿ, ಬೇಡ ಅನ್ನುವವರು ಯಾರು? ಆದರೆ ಸದ್ದಿನ ಸಣ್ಣ ವಿವರಗಳ ನೆನಪು ಕಿವಿಯಲ್ಲಿ ಕೆಲವೇ ಸೆಕೆಂಡು ನಿಲ್ಲುತ್ತದೆ. ಹಾಗಾಗಿ ಸಣ್ಣ ತುಣುಕು, ಬೇಗ ಬದಲಾವಣೆ ಇದ್ದರೆ ನಿಮಗೇ ಅನುಕೂಲ.

ಫೇಡರ್

ನಾನು ಹತ್ತು ಹನ್ನೆರಡು ವರ್ಷದಿಂದ ಮಿಕ್ಸಿಂಗ್ ಕೆಲಸ ಮಾಡುತ್ತಿದ್ದೇನೆ. ಜಗಳಕ್ಕೆ ಬಂದಿಲ್ಲ, ಒಂದೆರಡು ವಿಷಯ ಸೇರಿಸಿ ಹೋಗುತ್ತೇನೆ.

ಮೊದಲನೆಯದು, 'ಕಂಪ್ರೆಷನ್' ಅನ್ನುವ ಪದವೇ ಅರ್ಧ ಗೊಂದಲಕ್ಕೆ ಕಾರಣ. ಫೈಲು ಕುಗ್ಗಿಸುವುದು ಒಂದು. ಜೋರು ಮೆಲ್ಲಗಿನ ನಡುವಿನ ಅಂತರ ಕುಗ್ಗಿಸುವುದು ಇನ್ನೊಂದು. ಎರಡನೆಯದನ್ನು ನಾವು ಮಿಕ್ಸಿಂಗ್, ಮಾಸ್ಟರಿಂಗ್‌ನಲ್ಲಿ ಮಾಡುತ್ತೇವೆ. ಪಿಸುಮಾತೂ ಕಿರುಚಾಟವೂ ಒಂದೇ ಮಟ್ಟಕ್ಕೆ ಬಂದು, ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದಲ್ಲ, ಅದು ನಮ್ಮ ಪಾಪ, ಎಂಪಿ3ಯದಲ್ಲ. ಅದು ಫ್ಲ್ಯಾಕ್‌ನಲ್ಲೂ ಹಾಗೇ ಇರುತ್ತದೆ. "ಹಳೇ ಸಿಡಿ ಚೆನ್ನಾಗಿತ್ತು, ಈಗ ಆನ್‌ಲೈನಿನಲ್ಲಿ ಬರುವುದು ಚೆನ್ನಾಗಿಲ್ಲ" ಅನ್ನುವವರು ಎಷ್ಟೋ ಸಲ ಬೇರೆ ಬೇರೆ ಮಾಸ್ಟರ್ (ಕೊನೆಯದಾಗಿ ತಿದ್ದಿದ ಪ್ರತಿ) ಕೇಳುತ್ತಿರುತ್ತಾರೆ, ಅಷ್ಟೇ.

ಎರಡನೆಯದು, ಶಬ್ದಮಟ್ಟ. ಎರಡು ಫೈಲಿನಲ್ಲಿ ಒಂದು ಅರ್ಧ ಡೆಸಿಬೆಲ್ ಜೋರಿದ್ದರೂ ಸಾಕು. ಅದು ಜೋರು ಅಂತ ಯಾರಿಗೂ ಅನ್ನಿಸುವುದಿಲ್ಲ. "ಇದರಲ್ಲಿ ಬಿಡುವು ಇದೆ, ತೆರೆದ ಹಾಗಿದೆ" ಅನ್ನಿಸುತ್ತದೆ. ಹೋಲಿಸುವ ಮೊದಲು 0.1 ಡೆಸಿಬೆಲ್ ಒಳಗೆ ಸಮ ಮಾಡಿಕೊಳ್ಳಿ. ಇದನ್ನು ಮಾಡದೆ ಕೇಳಿದ ಯಾವ ಹೋಲಿಕೆಯನ್ನೂ ನಾನು ನಂಬುವುದಿಲ್ಲ. ನನ್ನದನ್ನೂ ಸೇರಿಸಿ.

ನನ್ನದೇ ಮಾನ ಹೋದ ಕಥೆ ಹೇಳಿಬಿಡುತ್ತೇನೆ. ಒಮ್ಮೆ ಹಾಡುಗಾರರೊಬ್ಬರು ಪಕ್ಕದಲ್ಲೇ ಕೂತಿದ್ದರು. ದನಿಗೆ 3 ಕಿಲೋಹರ್ಟ್ಸ್ ಹತ್ತಿರ ಸ್ವಲ್ಪ ಏರಿಸಿ ಅಂದರು. ನಾಬ್ ತಿರುಗಿಸಿದೆ. "ಹಾ, ಈಗ ಸರಿ, ಮುಂದೆ ಬಂತು" ಅಂದರು. ನನಗೂ ಮುಂದೆ ಬಂತು ಅಂತಲೇ ಅನ್ನಿಸಿತು. ಹತ್ತು ನಿಮಿಷ ಆದ ಮೇಲೆ ನೋಡುತ್ತೇನೆ, ಆ ಈಕ್ವಲೈಸರ್ ಆನ್ ಆಗಿಯೇ ಇರಲಿಲ್ಲ. ಇಬ್ಬರಿಗೂ ಕೇಳಿಸಿದ್ದು ನಾಬು.

ಸುಮ್ನೆಓದುಗ

"ಕೇಳಿಸಿದ್ದು ನಾಬು" 😂 ಇದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ಒಂಟಿಕಿವಿ

ಮೇಡಂ, ಶಬ್ದಮಟ್ಟ ಸಮ ಮಾಡಿದ್ದೆ. ಫೈಲುಗಳ ಜೋರು ಸಮ ಮಾಡುವ ರಿಪ್ಲೇಗೇನ್ ಆನ್ ಇತ್ತು. ಹೆಡ್‌ಫೋನ್ ಬ್ಲೂಟೂತ್‌ದು. ಅದು ಪರವಾಗಿಲ್ಲ ಅಲ್ವಾ?

ಅಳತೆಗೋಲು

ಅಯ್ಯೋ!

ಗುರು, ಬ್ಲೂಟೂತ್‌ನಲ್ಲಿ ಹೋಗುವ ಸದ್ದು ಇನ್ನೊಂದು ಸಲ ಕುಗ್ಗುತ್ತದೆ. ಎಲ್ಲ ಹೆಡ್‌ಫೋನಿಗೂ ಗೊತ್ತಿರುವ ಎಸ್‌ಬಿಸಿ ಕೊಡೆಕ್ (ಸದ್ದು ಕುಗ್ಗಿಸಿ ಬಿಚ್ಚುವ ವಿಧಾನ) ಚೆನ್ನಾಗಿ ಕೆಲಸ ಮಾಡಿದರೂ 328 ಕೆಬಿಪಿಎಸ್. ಅದೂ ಎಂಪಿ3ಗಿಂತ ಸಾದಾ ವಿಧಾನ. ಎಲ್‌ಡ್ಯಾಕ್ ಅನ್ನುವ ಇನ್ನೊಂದು ಕೊಡೆಕ್ ಇದ್ದರೆ 990ರವರೆಗೆ ಹೋಗುತ್ತದೆ, ಅದೂ ಸಿಗ್ನಲ್ ಚೆನ್ನಾಗಿದ್ದರೆ. ಹಾಗಾಗಿ ನೀವು ಹೋಲಿಸಿದ್ದು ಫ್ಲ್ಯಾಕ್ ಮತ್ತು ಎಂಪಿ3 ಅಲ್ಲ. ಎಸ್‌ಬಿಸಿ ಆದ ಫ್ಲ್ಯಾಕ್ ಮತ್ತು ಎಸ್‌ಬಿಸಿ ಆದ ಎಂಪಿ3.

ತಂತಿ ಇರುವ ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ನೋಡಿ. ಫಲಿತಾಂಶ ಬದಲಾಗುತ್ತದೆ ಅಂತ ನನಗೇನೂ ನಂಬಿಕೆ ಇಲ್ಲ. ಆದರೂ ಪರೀಕ್ಷೆ ಪರೀಕ್ಷೆಯ ಹಾಗಿರಬೇಕು.

ತಂತಿಪ್ರೇಮಿ

ನೋಡಿದಿರಾ! ಮೂರು ವರ್ಷದಿಂದ ಬ್ಲೂಟೂತ್‌ನಲ್ಲಿ ಕೇಳಿ "ಫ್ಲ್ಯಾಕ್‌ನಲ್ಲಿ ಜೀವ ಇದೆ" ಅಂದವರ ಮೇಲೆ ಪರೀಕ್ಷೆ ಮಾಡಿ ವ್ಯತ್ಯಾಸ ಇಲ್ಲ ಅಂತ ಸಾರುತ್ತಿದ್ದೀರಿ. ನನ್ನ ಹೆಸರು ಸುಮ್ನೆ ಇಟ್ಟುಕೊಂಡಿದ್ದಲ್ಲ.

ಒಂಟಿಕಿವಿ

ಏಟು ಸರಿಯಾಗಿ ಬಿತ್ತು. ಒಪ್ಪಿಕೊಂಡೆ.

ಒಂಟಿಕಿವಿ

(ಮರುದಿನ) ತಂತಿ ಹೆಡ್‌ಫೋನ್ ಹಾಕಿ ಮಾಡಿದೆ. ಅದೇ ಹಾಡು, 320ಕ್ಕೆ 16ರಲ್ಲಿ 10. ಏರಿದೆ! ವ್ಯತ್ಯಾಸ ಕೇಳಿಸಿತು ಅಂತ ಹೇಳಬಹುದಾ?

ಅಳತೆಗೋಲು

ಹೇಳುವ ಹಾಗಿಲ್ಲ. ಸುಮ್ಮನೆ ಊಹಿಸಿದರೂ 16ಕ್ಕೆ 10 ಅಥವಾ ಅದಕ್ಕಿಂತ ಜಾಸ್ತಿ ಬರುವ ಸಾಧ್ಯತೆ ಸುಮಾರು 23 ಶೇಕಡ. 12 ಬಂದರೆ ಅದು 4 ಶೇಕಡಕ್ಕಿಂತ ಸ್ವಲ್ಪ ಕಡಿಮೆ. ಅಲ್ಲಿಂದ ಮಾತು ಶುರು. 14 ಬಂದರೆ ಐನೂರರಲ್ಲಿ ಒಂದು. ಇನ್ನೊಂದು ಎಚ್ಚರಿಕೆ: ಎಷ್ಟು ಸುತ್ತು ಅಂತ ಮೊದಲೇ ತೀರ್ಮಾನಿಸಿ. ಒಳ್ಳೆ ಅಂಕ ಬಂದ ಕೂಡಲೇ ನಿಲ್ಲಿಸಿದರೆ ಅದು ಇಸ್ಪೀಟಾಟದಲ್ಲಿ ಗೆದ್ದಾಗ ಎದ್ದು ಹೋದ ಹಾಗೆ.

128ಕ್ಕೆ ಇಳಿಸಿ ನೋಡಿ. ಕೆಳಗಿನಿಂದ ಹತ್ತುವುದು ಒಳ್ಳೆಯದು.

ಒಂಟಿಕಿವಿ

128ಕ್ಕೂ 16ರಲ್ಲಿ 11. ಸಿಂಬಲ್ ಮೇಲೆಯೇ ಗಮನ ಇಟ್ಟಿದ್ದೆ. 128ರಲ್ಲಿ 16 ಕಿಲೋಹರ್ಟ್ಸ್ ಮೇಲಿನದ್ದನ್ನು ಕತ್ತರಿಸುತ್ತಾರೆ ಅಂತ ಓದಿದ್ದೆ. ಆ 'ಗಾಳಿ' ಹೋಗಿದೆಯಾ ಅಂತ ಹುಡುಕಿದೆ. ಕೆಲವು ಸಲ ಹೋಗಿದೆ ಅನ್ನಿಸಿತು, ಕೆಲವು ಸಲ ಇಲ್ಲ. ತಲೆನೋವು ಬಂತು.

ಹಳೇಟೇಪು

ಎರಡು ದಿನದಿಂದ ಓದುತ್ತಿದ್ದೆ. ಇವತ್ತು ನಾನೂ ಕೂತು ಮಾಡಿದೆ. ನನಗೆ ವಯಸ್ಸು 67. ಕಿವಿ ಪರೀಕ್ಷೆ ಮಾಡಿಸಿದ್ದೇನೆ. 9 ಕಿಲೋಹರ್ಟ್ಸ್ ದಾಟಿದರೆ ನನಗೆ ಏನೂ ಇಲ್ಲ, ಕತ್ತಲು. ಸಿಂಬಲ್ಲಿನ ಗಾಳಿ ಎಲ್ಲ ನಿಮಗೇ ಇರಲಿ.

128 ಕೆಬಿಪಿಎಸ್, ಕ್ಯಾಸ್ಟನೆಟ್ (ಕೈಯಲ್ಲಿ ಹಿಡಿದು ಬಡಿಯುವ ತಾಳ) ಬಾರಿಸುವ ತುಣುಕು. 16ಕ್ಕೆ 15.

ಸುಮ್ನೆಓದುಗ

???

ಅಳತೆಗೋಲು

ಸರ್, ದಯವಿಟ್ಟು ಪ್ರೋಗ್ರಾಮ್ ಬರೆದಿಟ್ಟ ಫಲಿತಾಂಶದ ಲಾಗ್ ಹಾಕಿ. ಅನುಮಾನ ಅಂತಲ್ಲ, ಆದರೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಬೇಕು. ಎಂಪಿ3 ಮಾಡುವಾಗ ಫೈಲಿನ ಮುಂದೆ ಸ್ವಲ್ಪ ಮೌನ ಸೇರಿಕೊಳ್ಳುತ್ತದೆ. ಸಾವಿರಕ್ಕೂ ಸ್ವಲ್ಪ ಹೆಚ್ಚು ಮಾದರಿ, ಸುಮಾರು 25 ಮಿಲಿಸೆಕೆಂಡು. ಪ್ಲೇಯರ್ ಅದನ್ನು ಸರಿಯಾಗಿ ಕತ್ತರಿಸದಿದ್ದರೆ, ಎ-ಯಿಂದ ಬಿ-ಗೆ ಹಾರುವಾಗ ಒಂದು ಸಣ್ಣ ಎಡವು ಕೇಳಿಸುತ್ತದೆ. ಆಗ ಕಿವಿ ಹಿಡಿದದ್ದು ಗುಣಮಟ್ಟವನ್ನಲ್ಲ, ಎಡವನ್ನು. ಇಂಥ ಕಳ್ಳದಾರಿಯಿಂದ 16ಕ್ಕೆ 16 ತೆಗೆದವರನ್ನು ನಾನೇ ನೋಡಿದ್ದೇನೆ. ಅವರಿಗೂ ಗೊತ್ತಿರಲಿಲ್ಲ ಪಾಪ.

ಹಳೇಟೇಪು

ಕೇಳಿದ್ದು ಒಳ್ಳೆಯದಾಯಿತು. ಎಂಪಿ3ಯನ್ನು ವಾಪಸ್ ವೇವ್ ಮಾಡಿ, ಎರಡನ್ನೂ ಎಡಿಟರ್‌ನಲ್ಲಿ ಒಂದರ ಕೆಳಗೊಂದು ಇಟ್ಟು, ಮೊದಲ ಏಟು ಒಂದೇ ಗೆರೆಗೆ ಬರುವ ಹಾಗೆ ಜರುಗಿಸಿದೆ. ಆಮೇಲೇ ಪರೀಕ್ಷೆ. ಲಾಗ್ ಕೆಳಗೆ ಹಾಕಿದ್ದೇನೆ.

ಹೇಗೆ ಸಿಕ್ಕಿತು ಅಂದರೆ, ನಾನು ಏಟನ್ನು ಕೇಳಲೇ ಇಲ್ಲ. ಏಟಿನ ಹಿಂದಿನ ಜಾಗ ಕೇಳಿದೆ.

ನಮ್ಮ ಕಾಲದಲ್ಲಿ ರೇಡಿಯೋ ಕಾರ್ಯಕ್ರಮದ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಬೇಕಿತ್ತು. ಎರಡೂ ರೀಲನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಉರುಳಿಸಬೇಕು. ಮಾತು ನಿಧಾನವಾಗಿ ಉಬ್ಬರಿಸಿಕೊಂಡು "ವ್ವೂ... ವ್ವೂ..." ಅನ್ನುತ್ತದೆ. ಪದ ಎಲ್ಲಿ ಶುರುವಾಗುತ್ತದೋ ಆ ಕೂದಲೆಳೆ ಜಾಗ ಸಿಕ್ಕಾಗ ಕೈ ನಿಲ್ಲಿಸಿ, ಟೇಪಿನ ಬೆನ್ನಿಗೆ ಮೇಣದ ಪೆನ್ಸಿಲ್ಲಿನಿಂದ ಗೆರೆ. ಆಮೇಲೆ ಓರೆಯಾಗಿ ಕತ್ತರಿಸುವುದು. ಸ್ವಲ್ಪ ಮುಂಚೆ ಕತ್ತರಿಸಿದರೆ ಹಿಂದಿನ ಉಸಿರು ಉಳಿದುಕೊಳ್ಳುತ್ತದೆ, ತಡವಾದರೆ ಪದದ ತಲೆ ಹೋಗುತ್ತದೆ. ಮೂವತ್ತು ವರ್ಷ ಇದೇ ಕೆಲಸ. ಸದ್ದು ಶುರುವಾಗುವ ಮುಂಚೆ ಏನಿದೆ ಅಂತ ಕೇಳುವುದು ನನಗೆ ಅಂಟಿಕೊಂಡ ಚಟ.

ಮೂಲ ಫೈಲಿನಲ್ಲಿ ಕ್ಯಾಸ್ಟನೆಟ್ "ಟಕ್" ಅನ್ನುತ್ತದೆ. ಮುಂಚೆ ಏನೂ ಇಲ್ಲ. 128ರಲ್ಲಿ "ಶ್‌ಟಕ್". ಬಡಿಯುವ ಮೊದಲೇ ಒಂದು ಚೂರು ಸದ್ದು ಬಂದುಬಿಟ್ಟಿದೆ. ಏಕೆ ಅಂತ ನನಗೆ ಗೊತ್ತಿಲ್ಲ. ಬಲ್ಲವರು ಹೇಳಿ.

ಅಳತೆಗೋಲು

ಸರ್, ಲಾಗ್ ನೋಡಿದೆ. ಕೈ ಮುಗಿದೆ. ಊಹೆಯಿಂದ 15 ಬರುವುದು ಸುಮಾರು 3,800ರಲ್ಲಿ ಒಂದು ಸಲ.

ನೀವು ಹಿಡಿದದ್ದಕ್ಕೆ ಪ್ರೀ-ಎಕೋ ಅಂತ ಹೆಸರು. ಎಂಪಿ3 ಸದ್ದನ್ನು ತುಂಡು ತುಂಡಾಗಿ ತೆಗೆದುಕೊಳ್ಳುತ್ತದೆ. ಉದ್ದನೆಯ ಕಿಟಕಿ 1,152 ಮಾದರಿಯದು, ಸುಮಾರು 26 ಮಿಲಿಸೆಕೆಂಡು. ಬಿಟ್ ಉಳಿಸಲು ಹೋಗಿ ಹುಟ್ಟಿದ ಗದ್ದಲ ಆ ಇಡೀ ಕಿಟಕಿಗೆ ಹರಡಿಕೊಳ್ಳುತ್ತದೆ. ಏಟು ಕಿಟಕಿಯ ಕೊನೆಯಲ್ಲಿ ಬಿದ್ದಿದ್ದರೆ? ಗದ್ದಲ ಅದಕ್ಕಿಂತ ಮುಂಚಿನ ಮೌನದ ಮೇಲೂ ಹರಡುತ್ತದೆ. ಏಟಿನ ನಂತರದ ಗದ್ದಲವನ್ನು ಕಿವಿ ನೂರು ಮಿಲಿಸೆಕೆಂಡಿಗೂ ಹೆಚ್ಚು ಹೊತ್ತು ಮನ್ನಿಸುತ್ತದೆ. ಏಟಿನ ಮುಂಚಿನದ್ದನ್ನು ಕೆಲವೇ ಮಿಲಿಸೆಕೆಂಡು. ಅದಕ್ಕಿಂತ ಮುಂಚೆ ಬಂದರೆ ಸಿಕ್ಕಿಬೀಳುತ್ತದೆ.

ಎನ್‌ಕೋಡರ್‌ಗೂ ಇದು ಗೊತ್ತು. ಏಟು ಬರುತ್ತಿದೆ ಅಂತ ಕಂಡರೆ ಕಿಟಕಿಯನ್ನು ಚಿಕ್ಕದು ಮಾಡಿಕೊಳ್ಳುತ್ತದೆ. ಆದರೆ ಚಿಕ್ಕ ಕಿಟಕಿಗೆ ಬಿಟ್ ಜಾಸ್ತಿ ಬೇಕು, 128ರಲ್ಲಿ ಅಷ್ಟು ಬಿಟ್ ಎಲ್ಲಿಂದ ತರುವುದು? ಎಂಪಿ3 ನಂತರದ ಎಎಸಿ ಕೊಡೆಕ್ ಬಂದಾಗ ಇದನ್ನು ಇನ್ನಷ್ಟು ಸರಿಪಡಿಸಿದರು. 2012ರಲ್ಲಿ ಬಂದ ಓಪಸ್ ಅನ್ನುವ ಕೊಡೆಕ್ 128ರಲ್ಲೇ ತುಂಬ ಚೆನ್ನಾಗಿದೆ. ಹಾಗಾಗಿ "128 ಕೆಟ್ಟದ್ದು" ಅಂತ ಸುಮ್ನೆ ಹೇಳಿದರೆ ಅರ್ಥವಿಲ್ಲ. ಯಾವುದರ 128 ಅಂತ ಕೇಳಬೇಕು.

ಮತ್ತೆ ಸರ್, ನಿಮ್ಮ 9 ಕಿಲೋಹರ್ಟ್ಸ್ ಮಿತಿ ಇಲ್ಲಿ ಅಡ್ಡ ಬರಲಿಲ್ಲ. ಈ ಗದ್ದಲ ನಿಮಗೆ ಕೇಳಿಸುವ ಪಟ್ಟಿಯೊಳಗೂ ಇದೆ. ಒಂಟಿಕಿವಿಯವರು ಬೆಟ್ಟದ ತುದಿಯಲ್ಲಿ ಹುಡುಕುತ್ತಿದ್ದರು, ಅದು ಬುಡದಲ್ಲೇ ಬಿದ್ದಿತ್ತು.

ಫೇಡರ್

ಹಳೇಟೇಪು ಸರ್, ನಿಮ್ಮ ಪೋಸ್ಟ್ ಎರಡು ಸಲ ಓದಿದೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಒಂದು ಪ್ರಯೋಗ ಮಾಡಿದ್ದರು. ತರಬೇತಿ ಇರುವ ಕೇಳುಗರು 96ರಿಂದ 192 ಕೆಬಿಪಿಎಸ್‌ವರೆಗಿನ ಎಂಪಿ3ಗಿಂತ ಸಿಡಿಯನ್ನೇ ಆರಿಸಿದರು. 256 ಮತ್ತು 320ರಲ್ಲಿ ಯಾವುದನ್ನೂ ಆರಿಸಲಾಗಲಿಲ್ಲ. ನನಗೆ ಕಚಗುಳಿ ಇಟ್ಟ ವಿಷಯ ಅಂದರೆ, ಸೌಂಡ್ ಎಂಜಿನಿಯರ್‌ಗಳು ಸಂಗೀತಗಾರರಿಗಿಂತ ಚೆನ್ನಾಗಿ ಗುರುತಿಸಿದ್ದರು. ಸಂಗೀತಗಾರರ ಕಿವಿ ಕಡಿಮೆ ಅಂತಲ್ಲ. ಅವರು ಶ್ರುತಿ, ಲಯ ಕೇಳುತ್ತಾರೆ. ನಾವು ಸದ್ದಿನ ಸಿಪ್ಪೆ ಕೇಳುತ್ತೇವೆ.

ತಂತಿಪ್ರೇಮಿ

ಹಾಗಾದರೆ ತರಬೇತಿಯಿಂದ ಕೇಳಿಸುತ್ತದೆ ಅಂತಾಯಿತು. ನಾನು ಹೇಳಿದ್ದೂ ಅದೇ ತಾನೆ? ಮತ್ತೆ ಸ್ವೀಡನ್ನಿನ ಕಥೆ ಯಾರೂ ಹೇಳುವುದಿಲ್ಲ ಇಲ್ಲಿ. ನಾನೇ ಹೇಳುತ್ತೇನೆ. ಸ್ವೀಡಿಷ್ ರೇಡಿಯೋದವರು ಒಂದು ಕೊಡೆಕ್ ಆರಿಸಲು 60 ಜನ ಪರಿಣತರನ್ನು ಕೂರಿಸಿ, ಸುಮಾರು 20,000 ಸಲ ಹೋಲಿಸಿ ನೋಡಿದರು. ಎಲ್ಲ ಕುರುಡು ಪರೀಕ್ಷೆ, ಅಂದರೆ ಯಾವುದು ಅಂತ ತಿಳಿಯದೆ ಕೇಳುವುದು. ಕೊನೆಗೆ ಒಪ್ಪಿಗೆ ಕೊಟ್ಟ ಕೊಡೆಕ್‌ನ ಟೇಪನ್ನು ಬಾರ್ಟ್ ಲೊಕಾಂಥಿ ಅನ್ನುವ ಎಂಜಿನಿಯರ್ ಕೇಳಿದರು. ಸಂಖ್ಯೆ ಇಲ್ಲ, ಗ್ರಾಫ್ ಇಲ್ಲ, ಸುಮ್ನೆ ಕೂತು ಕೇಳಿದ್ದು. 1.5 ಕಿಲೋಹರ್ಟ್ಸ್‌ನಲ್ಲಿ ಒಂದು ಸಣ್ಣ ಕೂಗು ಇದೆ ಅಂದರು. ಇತ್ತು! 20,000 ಸಲದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಕುರುಡು ಪರೀಕ್ಷೆಯೇ ದೇವರು ಅನ್ನುವವರು ಇದಕ್ಕೆ ಉತ್ತರ ಕೊಡಲಿ.

ಅಳತೆಗೋಲು

ಒಳ್ಳೆ ಏಟು, ಒಪ್ಪುತ್ತೇನೆ. ಆ ಕಥೆ ನಿಜ.

ಆದರೆ ಅದರ ಬಾಲವನ್ನೂ ಹೇಳಿ. ಅಲ್ಲಿದೆ ಅಂತ ತೋರಿಸಿಕೊಟ್ಟ ಮೇಲೆ ಉಳಿದವರಿಗೂ ಅದು ಕೇಳಿಸಿತು. ನಮ್ಮ ಹಳೇಟೇಪು ಸರ್ ಮಾಡಿದ್ದೂ ಇದನ್ನೇ ಅಲ್ವಾ? ಕುರುಡು ಪರೀಕ್ಷೆಯಲ್ಲಿ ಸೋತರೆ ವ್ಯತ್ಯಾಸ ಇಲ್ಲವೇ ಇಲ್ಲ ಅಂತ ಸಾಬೀತಾಗುವುದಿಲ್ಲ. ಆ ದಿನ, ಆ ತುಣುಕಿನಲ್ಲಿ, ಆ ವ್ಯಕ್ತಿಗೆ ಸಿಗಲಿಲ್ಲ ಅಂತ ಮಾತ್ರ. ಆದರೆ "ಕೋಣೆಯ ಆಚೆಯಿಂದಲೇ ಗೊತ್ತಾಗುತ್ತದೆ" ಅಂದವರು ಸೋತರೆ ಆ ಮಾತು ಮಾತ್ರ ಬಿದ್ದು ಹೋಗುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿಲ್ಲವಾ? ನೀವು ಇನ್ನೂ ಲಾಗ್ ಹಾಕಿಲ್ಲ ತಂತಿಪ್ರೇಮಿಗಳೇ.

ಸುಮ್ನೆಓದುಗ

ಒಂದು ಪ್ರಶ್ನೆ ಕೇಳಬಹುದಾ? ಹಾಗಾದರೆ ಸಿಡಿಗಿಂತ ಮೇಲಿನ 24 ಬಿಟ್, 192 ಕಿಲೋಹರ್ಟ್ಸ್ ಫೈಲುಗಳು? ನಾನು ಒಂದು ತಾಣದಿಂದ ಜಾಸ್ತಿ ದುಡ್ಡು ಕೊಟ್ಟು ಒಂದಷ್ಟು ತೆಗೆದುಕೊಂಡಿದ್ದೇನೆ. 😐

ಅಳತೆಗೋಲು

2007ರಲ್ಲಿ ಮೇಯರ್ ಮತ್ತು ಮೊರಾನ್ ಎಸ್‌ಎಸಿಡಿ, ಡಿವಿಡಿ-ಆಡಿಯೊ ಅನ್ನುವ ಸಿಡಿಗಿಂತ ಮೇಲಿನ ದರ್ಜೆಯ ಡಿಸ್ಕುಗಳ ಸದ್ದನ್ನು ನೇರವಾಗಿ ಒಮ್ಮೆ, ಸಿಡಿ ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿದರು. 554 ಸುತ್ತಿನಲ್ಲಿ 276 ಸರಿ. ಅಂದರೆ 49.8 ಶೇಕಡ. 2016ರಲ್ಲಿ ಜೋಶುವಾ ರೀಸ್ ಹದಿನೆಂಟು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. 12,500ಕ್ಕೂ ಹೆಚ್ಚು ಸುತ್ತು. 52.3 ಶೇಕಡ ಸರಿ ಬಂತು. ತರಬೇತಿ ಕೊಟ್ಟವರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ವ್ಯತ್ಯಾಸ ಇದೆ ಅನ್ನಬಹುದು, ಆದರೆ ಅದು ಇಷ್ಟೇ ಇಷ್ಟು. ಅದಕ್ಕಾಗಿ ದುಡ್ಡು ಕೊಡಬೇಕಾ ಅನ್ನುವುದು ನಿಮಗೆ ಬಿಟ್ಟದ್ದು.

ಆ ಫೈಲುಗಳನ್ನು ಒಮ್ಮೆ ಸ್ಪೆಕ್ ಅನ್ನುವ ಪ್ರೋಗ್ರಾಮಿನಲ್ಲಿ ತೆರೆದು ಸ್ಪೆಕ್ಟ್ರೋಗ್ರಾಮ್ (ಎಷ್ಟು ಕಿಲೋಹರ್ಟ್ಸ್‌ವರೆಗೆ ಸದ್ದಿದೆ ಅಂತ ತೋರಿಸುವ ಚಿತ್ರ) ನೋಡಿ.

ಸುಮ್ನೆಓದುಗ

ನೋಡಿದೆ. ಏಳರಲ್ಲಿ ಐದು ಪರವಾಗಿಲ್ಲ. ಎರಡರಲ್ಲಿ 16 ಕಿಲೋಹರ್ಟ್ಸ್‌ಗೆ ಸರಿಯಾಗಿ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮೇಲೆಲ್ಲ ಕಪ್ಪು. ಇದರ ಅರ್ಥ ನಾನು ಅಂದುಕೊಂಡದ್ದೇನಾ?

ಫೇಡರ್

ಹೌದು, ಬಹುಶಃ ಅದೇ. ಯಾರೋ ಕಡಿಮೆ ದರ್ಜೆಯ ಎಂಪಿ3ಯನ್ನು ದೊಡ್ಡ ಪೆಟ್ಟಿಗೆಗೆ ತುಂಬಿದ್ದಾರೆ. ಹೋದದ್ದು ವಾಪಸ್ ಬರುವುದಿಲ್ಲ. ಹಳೇ ರೆಕಾರ್ಡಿಂಗ್ ಆಗಿದ್ದರೆ ಮೂಲದಲ್ಲೇ ಮೇಲಿನ ಸ್ವರ ಇಲ್ಲದಿರಬಹುದು. ಆದರೆ ಆಗ ಅದು ನಿಧಾನವಾಗಿ ಕರಗುತ್ತದೆ. ಹೀಗೆ ಗೆರೆ ಎಳೆದ ಹಾಗೆ ನಿಲ್ಲುವುದಿಲ್ಲ. ದುಡ್ಡು ವಾಪಸ್ ಕೇಳಿ.

ಇದೇ ಕಾರಣಕ್ಕೆ ನಾನು ಫ್ಲ್ಯಾಕ್ ಇಡಬೇಡಿ ಅಂತ ಯಾರಿಗೂ ಹೇಳುವುದಿಲ್ಲ. ಕೇಳುವುದಕ್ಕೆ 256 ಎಎಸಿ ಸಾಕು, ನಾನೂ ಓಡಾಡುವಾಗ ಅದನ್ನೇ ಕೇಳುತ್ತೇನೆ. ಇಡುವುದಕ್ಕೆ ಫ್ಲ್ಯಾಕ್. ಎಂಪಿ3ಯಿಂದ ಎಎಸಿ, ಎಎಸಿಯಿಂದ ಓಪಸ್ ಅಂತ ಮಾಡುತ್ತಾ ಹೋದರೆ ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. ಪ್ರತಿ ಸಲವೂ ಹೊಸ ಎನ್‌ಕೋಡರ್ ಹಿಂದಿನದರ ಗದ್ದಲವನ್ನೂ ಸಂಗೀತ ಅಂದುಕೊಂಡು ಅದಕ್ಕೂ ಬಿಟ್ ಖರ್ಚು ಮಾಡುತ್ತದೆ. ಎಡಿಟಿಂಗ್ ಮಾಡುವವರಂತೂ ಎಂಪಿ3 ಮುಟ್ಟಲೇಬೇಡಿ. ಈಕ್ವಲೈಸರ್‌ನಲ್ಲಿ ಒಂದು ಪಟ್ಟಿ ಏರಿಸಿದರೆ ಸಾಕು, ಮುಸುಕು ಸರಿದು ಒಳಗೆ ಬಚ್ಚಿಟ್ಟ ಗದ್ದಲ ಹಲ್ಲು ಕಿರಿಯುತ್ತದೆ.

ತಂತಿಪ್ರೇಮಿ

ಸರಿ, ಮಾತಿಗೆ ಮಾತು ಬೇಡ. ಮಾಡಿದೆ. ನನ್ನ ಸ್ಪೀಕರ್, ನನ್ನ ಕೋಣೆ, ನನ್ನ ಹಾಡು. 320ಕ್ಕೆ 16ರಲ್ಲಿ 9. ಲಾಗ್ ಕೆಳಗಿದೆ.

ಆದರೂ ನಾನು ಫ್ಲ್ಯಾಕೇ ಕೇಳುತ್ತೇನೆ. ಮನಸ್ಸಿಗೆ ನೆಮ್ಮದಿ ಇರುತ್ತದೆ. ಅದಕ್ಕೆ ಯಾವ ಎಬಿಎಕ್ಸ್ ಇದೆ ಹೇಳಿ?

ಅಳತೆಗೋಲು

ಅದಕ್ಕಿಲ್ಲ. ಮತ್ತೆ, ಲಾಗ್ ಹಾಕಿದ್ದಕ್ಕೆ ಥ್ಯಾಂಕ್ಸ್. ಇಷ್ಟು ವರ್ಷದಲ್ಲಿ ಹೀಗೆ ಹಾಕಿದವರು ಕಡಿಮೆ.

ಒಂಟಿಕಿವಿ

ಹಳೇಟೇಪು ಸರ್, ಆ ತುಣುಕು ಎಲ್ಲಿಂದ ಕೇಳಬೇಕು, ಹೇಗೆ ಕೇಳಬೇಕು, ಸ್ವಲ್ಪ ಹೇಳಿಕೊಡಿ.

ಹಳೇಟೇಪು

ಇಡೀ ಹಾಡು ಹಾಕಬೇಡಪ್ಪ. ಎರಡು ಏಟು ಮಾತ್ರ ಇರುವ ಹಾಗೆ ಆಯ್ಕೆ ಮಾಡಿಕೊಂಡು ಸುತ್ತು ಹಾಕಿಸು. ಮೊದಲು 64 ಕೆಬಿಪಿಎಸ್ ಮಾಡಿ ಕೇಳು. ಅಲ್ಲಿ ಕುರುಡನಿಗೂ ಕಾಣುವಷ್ಟು ಇರುತ್ತದೆ. ಕಿವಿಗೆ ಅದರ ಮುಖ ಪರಿಚಯ ಆಗಲಿ. ಆಮೇಲೆ 96, ಆಮೇಲೆ 128. "ಟಕ್" ಎಷ್ಟು ಚೆನ್ನಾಗಿದೆ ಅಂತ ಕೇಳಬೇಡ. "ಟ" ಶುರುವಾಗುವ ಅಂಚು ಚೂಪಾಗಿದೆಯಾ, ನಾರು ನಾರಾಗಿದೆಯಾ, ಅಷ್ಟೇ. ಶಬ್ದ ಜಾಸ್ತಿ ಇಡಬೇಡ. ದಣಿವಾದರೆ ಎದ್ದು ಓಡಾಡಿ ಬಾ.

ಒಂಟಿಕಿವಿ

(ನಾಲ್ಕು ದಿನದ ನಂತರ) ಸರ್ ಹೇಳಿದ ಹಾಗೆಯೇ ಮಾಡಿದೆ.

64ರಲ್ಲಿ ನಗು ಬಂತು. ಪ್ರತಿ ಏಟಿಗೂ ಮುಂಚೆ ಯಾರೋ ಮರಳು ಎರಚಿದ ಹಾಗೆ. 96ರಲ್ಲಿ ಮರಳು ಕಡಿಮೆ, ಆದರೆ ಇದೆ. 128ಕ್ಕೆ ಬಂದಾಗ ಮೊದಲು ಏನೂ ಇಲ್ಲ ಅನ್ನಿಸಿತು. ಆಮೇಲೆ ಮೂರನೇ ಏಟಿನಲ್ಲಿ ಸಿಕ್ಕಿತು. ಒಮ್ಮೆ ಸಿಕ್ಕಿದ ಮೇಲೆ ಹುಡುಕಬೇಕಾಗಲೇ ಇಲ್ಲ, ಅದೇ ಬಂದು ಎದುರಿಗೆ ನಿಂತಿತು. 16ಕ್ಕೆ 13. ಅದೇ ತುಣುಕು 192ರಲ್ಲಿ 9. 320ರಲ್ಲಿ ಪ್ರಯತ್ನವನ್ನೇ ಬಿಟ್ಟೆ.

ತಮ್ಮನನ್ನು ಕೂರಿಸಿದೆ. ಅವನಿಗೆ 128ರಲ್ಲಿ 7 ಬಂತು. ಈಗ ನಗುವ ಸರದಿ ನನ್ನದು.

ಆದರೆ ಒಂದು ಅನಾಹುತ ಆಗಿದೆ. ನನ್ನ ಹತ್ತಿರ ಒಂದು ಹಳೇ ಲೈವ್ ರೆಕಾರ್ಡಿಂಗ್ ಇದೆ, ಕಾಲೇಜಿನಲ್ಲಿ ಗೆಳೆಯ ಕೊಟ್ಟದ್ದು. 128 ಎಂಪಿ3ಯಲ್ಲಿ ಮಾತ್ರ ಇದೆ, ಬೇರೆಲ್ಲೂ ಸಿಗುವುದಿಲ್ಲ. ನೂರಾರು ಸಲ ಕೇಳಿದ್ದೇನೆ. ನಿನ್ನೆ ರಾತ್ರಿ ಹಾಕಿದೆ. ಹಾಡು ಮುಗಿದು ಜನ ಚಪ್ಪಾಳೆ ತಟ್ಟುತ್ತಾರಲ್ಲ, ಅಲ್ಲಿ ಒಂದೊಂದು ಚಪ್ಪಾಳೆಗೂ ಮುಂಚೆ "ಶ್". ಇಷ್ಟು ವರ್ಷ ಒಂದು ಸಲವೂ ಕೇಳಿಸಿರಲಿಲ್ಲ. ಈಗ ಅದೊಂದೇ ಕೇಳಿಸುತ್ತಿದೆ.

ಸರ್, ಈ ಕಿವಿ ವಾಪಸ್ ತೆಗೆದುಕೊಂಡು ನನ್ನ ಹಳೇ ಕಿವಿ ಕೊಡಿ.

ಹಳೇಟೇಪು

ವಾಪಸ್ ತೆಗೆದುಕೊಳ್ಳುವ ಪದ್ಧತಿ ಇಲ್ಲಪ್ಪ. ನನಗೆ ನಿವೃತ್ತಿಯಾಗಿ ಏಳು ವರ್ಷ ಆಯಿತು. ಈಗಲೂ ಯಾರಾದರೂ ಮಾತಾಡುತ್ತಿದ್ದರೆ ಉಸಿರು ಎಲ್ಲಿ ತೆಗೆದುಕೊಂಡರು, ಎಲ್ಲಿ ಕತ್ತರಿಸಬೇಕು ಅಂತ ನೋಡುತ್ತಿರುತ್ತೇನೆ.

ಆ ಲೈವ್ ರೆಕಾರ್ಡಿಂಗ್ ಒಂದು ತಿಂಗಳು ಮುಟ್ಟಬೇಡ. ಆಮೇಲೆ ಪಾತ್ರೆ ತೊಳೆಯುತ್ತಾ ಕೇಳು.